ಘಾಟಿ ಮಾತ್ರೆಯ ನೆಂಟರು

ಆಗುಂಬೆ ಘಾಟಿ ಇಳಿಯುವಾಗ ವಾಂತಿಯಾಗದಿರಲೆಂದು ಅವೊಮಿನ್ ನುಂಗಿ ಬಸ್ಸು ಹತ್ತುವವರುಂಟು. ಅದರೊಳಗಿನ ಔಷಧ ಪ್ರೊಮೆಥಜೈನ್. ಇದರ ವಂಶಾವಳಿ ಬಿಡಿಸಿದರೆ ಹಿಂದೆ ಮಲೇರಿಯಾ, ಪಕ್ಕದಲ್ಲಿ ಮಾನಸಿಕ ಆಸ್ಪತ್ರೆ.

ಮೂಲಪುರುಷ ಮೆಥಿಲೀನ್ ಬ್ಲೂ, ಬಟ್ಟೆಯ ಬಣ್ಣ. ಅದು ಮಲೇರಿಯಾ ರೋಗಾಣುವಿಗೆ ಚೆನ್ನಾಗಿ ಹಿಡಿಯುತ್ತದೆಂದು ಅರಿತ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್, 1891ರಲ್ಲಿ ಬರ್ಲಿನ್‌ನಲ್ಲಿ ಇಬ್ಬರು ರೋಗಿಗಳಿಗೆ ಅದನ್ನೇ ಕೊಟ್ಟರು. ಇಬ್ಬರೂ ಚೇತರಿಸಿಕೊಂಡರು. ಚಳಿಜ್ವರಕ್ಕೆ ಹೆದರಿ ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೇಟು ಹಾಕುತ್ತಿದ್ದ ಕಾಲ ಅದು. ಆದರೂ ಕ್ವಿನೈನ್ ಮುಂದೆ ಈ ಬಣ್ಣ ನಿಲ್ಲಲಿಲ್ಲ. ನುಂಗಿದವರ ಮೂತ್ರ ನೀಲಿಯಾಗುವ ಫಜೀತಿ ಬೇರೆ!

ಉಳಿದದ್ದು ಅಣುವಿನ ನಡುಗಟ್ಟು. ಎರಡು ಬೆಂಜೀನ್ ಉಂಗುರಗಳು, ಅವನ್ನು ಬೆಸೆಯಲು ಒಂದು ಕಡೆ ಗಂಧಕ, ಇನ್ನೊಂದು ಕಡೆ ಸಾರಜನಕ: ಇದೇ ಫಿನೋಥಯಾಜಿನ್. ಫ್ರಾನ್ಸಿನ ರೋನ್-ಪೂಲಾಂಕ್ ಕಂಪನಿಯವರು ಆ ಸಾರಜನಕಕ್ಕೆ ಬಾಲ ಜೋಡಿಸುತ್ತ ಹೋದರು. ಬಾಲದ ತುದಿಯಲ್ಲಿ ಮತ್ತೊಂದು ಸಾರಜನಕ. ಎರಡರ ನಡುವೆ ಎರಡು ಇಂಗಾಲವಿದ್ದರೆ ಪ್ರೊಮೆಥಜೈನ್. ಮೂರು ಮಾಡಿ, ಉಂಗುರಕ್ಕೊಂದು ಕ್ಲೋರಿನ್ ಸಿಕ್ಕಿಸಿದರೆ ಕ್ಲೋರ್‌ಪ್ರೊಮಜೈನ್. 1950ರ ಡಿಸೆಂಬರಿನಲ್ಲಿ ಪಾಲ್ ಶಾರ್ಪಾಂತಿಯೆ ಇದನ್ನು ತಯಾರಿಸಿದರು. 1952ರಲ್ಲಿ ಪ್ಯಾರಿಸ್ಸಿನ ಮನೋವೈದ್ಯರಾದ ಡಿಲೇ ಮತ್ತು ಡೆನಿಕರ್ ಕೊಟ್ಟಾಗ ರೋಗಿಗಳ ಉದ್ರೇಕ, ಭ್ರಮೆ ತಗ್ಗಿದವು.

ಅದು ಮಿದುಳಿನಲ್ಲಿ ನರಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಕೂರುವ ಜಾಗಕ್ಕೆ ಅಡ್ಡಗಟ್ಟುತ್ತದೆಂಬುದು ತಿಳಿದದ್ದು ಆಮೇಲೆ. ಕೈಕಾಲು ಆಡಿಸಲೂ ಡೋಪಮೈನ್ ಬೇಕಲ್ಲ, ಹಾಗಾಗಿ ನಡುಕ, ಮೈಬಿಗಿತ ಜೊತೆಗೇ ಬಂದವು. ರೋಗಾಣುವಿಗಾದರೆ ನಮ್ಮಲ್ಲಿಲ್ಲದ ಅಂಗ ಹುಡುಕಿ ಹೊಡೆಯಬಹುದು. ಮನಸ್ಸಿನ ಕಾಯಿಲೆಯಲ್ಲಿ ಗುರಿಯೂ ನಮ್ಮದೇ. ಈ ಎರಡನೆಯದೇ ಹೆಚ್ಚು ಕಷ್ಟದ ಕಸುಬು ಎಂದು ನನಗನ್ನಿಸುತ್ತದೆ.

ತಮಾಷೆಯೆಂದರೆ, ಇದೇ ಮನೆತನದ ಇನ್ನೊಂದು ಮನೋರೋಗದ ಔಷಧ ಥಯೋರಿಡಜೈನ್ ಪ್ರಯೋಗಾಲಯದಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆದರೆ ಹೃದಯದ ಬಡಿತ ಏರುಪೇರು ಮಾಡುತ್ತದೆ, ಮಿದುಳಿಗೂ ನುಗ್ಗುತ್ತದೆ. ಮಿದುಳಿಗೆ ಹೋಗದ, ಕ್ಷಯವನ್ನಷ್ಟೇ ಕಾಡುವ ರೂಪ ಬೇಕೆಂದು ಈಗ ಅಣುವನ್ನು ಮತ್ತೆ ತಿದ್ದುತ್ತಿದ್ದಾರೆ. ಸಾರಜನಕ, ಗಂಧಕ ಸೇರಿದ ಉಂಗುರಗಳನ್ನು ಕಟ್ಟಿ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸುವ ಕೆಲಸ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೂ ನಡೆದಿದೆ.

ಇಲ್ಲಿಯದೇ ಒಂದು ಗುರಿಯೂ ಕಾದಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಜ್ವರ ಇಳಿಸುವುದು, ದ್ರವ ಕೊಡುವುದು, ರಕ್ತಸ್ರಾವ ನೋಡಿಕೊಳ್ಳುವುದಷ್ಟೇ ಚಿಕಿತ್ಸೆ. ಆ ವೈರಸ್ಸು ತನ್ನ ಉದ್ದನೆಯ ಪ್ರೋಟೀನನ್ನು ತುಂಡರಿಸಿಕೊಳ್ಳಲು ತನ್ನದೇ ಕಿಣ್ವವೊಂದನ್ನು ಇಟ್ಟುಕೊಂಡಿದೆ. ಅಣು ಕಟ್ಟುವವರು ಮೊದಲು ಕಣ್ಣಿಡಬೇಕಾದದ್ದು ಅದರ ಮೇಲೆ.