ಮೊದಲು ಒಂದು ಮಣಿಕಟ್ಟು ಕಲಿಯಿರಿ

ಮೂಳೆ ವಿಭಾಗದ ಪೋಸ್ಟಿಂಗ್‌ಗೆ ಬಂದ ವಿದ್ಯಾರ್ಥಿಗಳು ಮೊದಲು ಓಡುವುದು ಆಪರೇಷನ್ ಥಿಯೇಟರಿಗೆ. ಏಳೆಂಟು ಜನರ ಹೆಗಲ ಸಂದಿಯಿಂದ ಇಣುಕಿ, ಡ್ರಿಲ್ ಸದ್ದು ಕೇಳಿ ವಾಪಸ್ ಬರುತ್ತಾರೆ. ಆದರೆ ಓದು ಮುಗಿದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಗೆ ನಿಂತಾಗ ಎದುರಿಗೆ ಬರುವುದು ಬಚ್ಚಲಲ್ಲಿ ಜಾರಿ ಕೈಯೂರಿ ಬಿದ್ದ ಅರವತ್ತು ದಾಟಿದ ಹೆಂಗಸು. ಮಣಿಕಟ್ಟಿನ ಹತ್ತಿರ ರೇಡಿಯಸ್, ಅಂದರೆ ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ ಮೂಳೆ, ಮುರಿದಿರುತ್ತದೆ. ಈ ಕೋಲಿಸ್ ಮುರಿತ ಒಂದನ್ನೇ ಆರಂಭದಿಂದ ಕೊನೆಯವರೆಗೆ ಕೈಯಾರೆ ಕಲಿತರೆ ಮೂಳೆ ಶಾಸ್ತ್ರದ ಮುಕ್ಕಾಲು ಪಾಲು ಅಡಿಪಾಯ ಬಿದ್ದಂತೆ.

ಡಬ್ಲಿನ್‌ನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ ಇದನ್ನು ವಿವರಿಸಿದ್ದು 1814ರಲ್ಲಿ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಅವರ ಬಳಿ ಇದ್ದದ್ದು ಕಣ್ಣು ಮತ್ತು ಬೆರಳು ಮಾತ್ರ. ಇಂದು ವಾಟ್ಸಾಪ್‌ನಲ್ಲಿ ಬಂದ ಫಿಲ್ಮ್ ನೋಡಿ ಮುರಿತ ಹೇಳುವ ವಿದ್ಯಾರ್ಥಿಗೆ ರೋಗಿಯ ಕೈ ಮುಟ್ಟುವ ಅಭ್ಯಾಸವೇ ತಪ್ಪಿಹೋಗಿದೆ. ಪಕ್ಕದಿಂದ ನೋಡಿದರೆ ಮುರಿದ ತುದಿ ಹಿಂಗೈ ಕಡೆ ಎದ್ದು, ಊಟದ ಫೋರ್ಕ್ ಬಾಗಿದಂತೆ ಕಾಣುತ್ತದೆ. ರೇಡಿಯಸ್ ಮತ್ತು ಕಿರುಬೆರಳ ಕಡೆಯ ಮೂಳೆ ಅಲ್ನಾ, ಎರಡರ ತುದಿಗಳನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಸಹಜವಾಗಿ ರೇಡಿಯಸ್‌ನ ತುದಿ ಸುಮಾರು 1 ಸೆಂ.ಮೀ. ಮುಂದಿರುತ್ತದೆ; ಈ ಮುರಿತದಲ್ಲಿ ಎರಡೂ ಸಮಕ್ಕೆ ಬಂದಿರುತ್ತವೆ. ಮೊಣಕೈ, ಭುಜ ನೋಡದೆ ಬಿಡಬೇಡಿ. ಬಿದ್ದ ಭಾರ ಮಣಿಕಟ್ಟಿನಲ್ಲೇ ನಿಲ್ಲಬೇಕೆಂದೇನಿಲ್ಲ.

ಆಮೇಲೆ ನರ. ಇದನ್ನು ಮುರಿತ ಕೂರಿಸುವ ಮೊದಲು ನೋಡಿ ಕೇಸ್ ಶೀಟ್‌ನಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ಆಮೇಲೆ ಕಂಡ ಜೋಮು ಬಿದ್ದಾಗ ಬಂದದ್ದೋ ನಾವು ಎಳೆದಾಗ ಬಂದದ್ದೋ ಯಾರೂ ಹೇಳಲಾರರು. ತೋರುಬೆರಳ ತುದಿಯ ಸ್ಪರ್ಶ ಮೀಡಿಯನ್ ನರಕ್ಕೆ, ಕಿರುಬೆರಳ ತುದಿ ಅಲ್ನಾರ್‌ಗೆ, ಹೆಬ್ಬೆರಳು ತೋರುಬೆರಳ ನಡುವಿನ ಹಿಂಗೈ ಚರ್ಮ ರೇಡಿಯಲ್‌ಗೆ. ಚಲನೆಗೆ ಇಷ್ಟು ಸಾಕು: "ಅಮ್ಮಾ, ಹೆಬ್ಬೆರಳು ಮೇಲೆತ್ತಿ. ಈಗ ಹೆಬ್ಬೆರಳೂ ತೋರುಬೆರಳೂ ಸೇರಿಸಿ ಸೊನ್ನೆ ಮಾಡಿ. ಬೆರಳೆಲ್ಲ ಅಗಲಿಸಿ." ಒಂದು ನಿಮಿಷದ ಕೆಲಸ. ಜೊತೆಗೇ ಉಂಗುರ, ಬಳೆ ತೆಗೆಸಿ. ಊತ ಏರಿದ ಮೇಲೆ ಕಟರ್ ಹುಡುಕಬೇಕಾಗುತ್ತದೆ. ಗಾಜಿನ ಬಳೆ ಒಡೆಯುವುದಕ್ಕೆ ಮನಸ್ಸು ಒಪ್ಪದಿದ್ದರೆ ಸೋಪಿನ ನೀರು ಹಚ್ಚಿ ಜಾರಿಸಿ, ಇನ್ನೊಂದು ಕೈಗೆ ತೊಡಿಸಿ.

ಎಕ್ಸ್‌ರೇ ಎರಡು ಕೋನದಿಂದ ಬೇಕು. ಮುಂದಿನಿಂದ ತೆಗೆದದ್ದರಲ್ಲಿ ರೇಡಿಯಸ್‌ನ ಇಳಿಜಾರು ಸುಮಾರು 22 ಡಿಗ್ರಿ, ಅದರ ತುದಿ ಅಲ್ನಾದ ಮೇಲ್ಮೈಗಿಂತ ಮುಂದೆ ಚಾಚಿದ ಉದ್ದ 11–12 ಮಿ.ಮೀ.; ಪಕ್ಕದಿಂದ ತೆಗೆದದ್ದರಲ್ಲಿ ಕೀಲಿನ ಮೇಲ್ಮೈ ಅಂಗೈ ಕಡೆಗೆ ಸುಮಾರು 11 ಡಿಗ್ರಿ ವಾಲಿರಬೇಕು. ಈ ಮೂರು ಸಂಖ್ಯೆ ಬಾಯಿಪಾಠವಾಗಿರಲಿ. ಫಿಲ್ಮ್ ಚೆನ್ನಾಗಿ ಕಾಣುತ್ತಿದೆಯೋ ಇಲ್ಲವೋ ಎಂಬ ವಾದ ಅಲ್ಲಿಗೆ ಮುಗಿಯುತ್ತದೆ.

ನೋವು ತಗ್ಗಿಸಲು ಮುರಿದ ಜಾಗದ ರಕ್ತಗೆಡ್ಡೆಗೇ ಮರಗಟ್ಟಿಸುವ ಔಷಧ ಲಿಗ್ನೊಕೇನ್ ಕೊಡುವುದು ಸುಲಭದ ದಾರಿ. ಎಡವುವುದು ಲೆಕ್ಕದಲ್ಲಿ. ಕ್ಯಾಶುವಾಲ್ಟಿ ಟ್ರೇಯಲ್ಲಿ ಸಾಮಾನ್ಯವಾಗಿ ಸಿಗುವುದು 2% ಬಾಟಲಿ, ಅಂದರೆ 1 ಮಿ.ಲೀ.ಗೆ 20 ಮಿ.ಗ್ರಾಂ. ಕಿಲೋ ತೂಕಕ್ಕೆ 3 ಮಿ.ಗ್ರಾಂ. ದಾಟದಿರುವುದು ಕ್ಷೇಮ. 50 ಕಿಲೋ ತೂಗುವವರಿಗೆ ಗರಿಷ್ಠ 150 ಮಿ.ಗ್ರಾಂ.; ಅದೇ ಬಾಟಲಿಯಿಂದ 10 ಮಿ.ಲೀ. ಎಳೆದುಕೊಂಡರೆ 200 ಆಗಿಬಿಡುತ್ತದೆ. 5 ಮಿ.ಲೀ.ಗೆ 5 ಮಿ.ಲೀ. ಸಲೈನ್ ಬೆರೆಸಿದರೆ 10 ಮಿ.ಲೀ.ನಲ್ಲಿ 100 ಮಿ.ಗ್ರಾಂ., ಅಷ್ಟು ಸಾಕು. ಚರ್ಮ ಶುದ್ಧ ಮಾಡಿ, ಹಿಂಗೈ ಕಡೆಯಿಂದ ಸೂಜಿ ತೂರಿಸಿ. ಸಿರಿಂಜಿಗೆ ಕಪ್ಪುಗೆಂಪು ರಕ್ತ ಬಂದರೆ ಜಾಗ ಸರಿಯಿದೆ. ನಂತರ 10 ನಿಮಿಷ ಕಾಯಬೇಕು. ಕಾಯದೆ ಎಳೆದರೆ ರೋಗಿ ಕೈ ಬಿಗಿಹಿಡಿಯುತ್ತಾರೆ, ಸ್ನಾಯು ನಮ್ಮ ವಿರುದ್ಧವೇ ಎಳೆಯುತ್ತದೆ. ಗಾಯ ತೆರೆದಿದ್ದರೆ ಈ ವಿಧಾನ ಬೇಡ, ಹಿರಿಯರನ್ನು ಕರೆಯಿರಿ.

ಇನ್ನು ಮೂಳೆ ಕೂರಿಸುವುದು. ಮೊಣಕೈ 90 ಡಿಗ್ರಿ ಮಡಿಸಿ, ಸಹಾಯಕರು ಮೇಲ್ತೋಳನ್ನು ಹಿಂದಕ್ಕೆ ಹಿಡಿದಿರಲಿ. ವಿದ್ಯಾರ್ಥಿಗೆ ಮೊದಲು ಸಿಗುವ ಕೆಲಸ ಇದೇ, ಇದು ಸಣ್ಣ ಕೆಲಸವಲ್ಲ. ಇತ್ತ ಕೈಯನ್ನು ಮುಂದಕ್ಕೆ ಎಳೆಯುವಾಗ ಎಳೆತ ಜರ್ಕ್ ಹೊಡೆದು ಬರಬಾರದು, ಮೂರು–ನಾಲ್ಕು ನಿಮಿಷ ಒಂದೇ ಸಮ ಇರಬೇಕು. ಬರೀ ಎಳೆದರೂ ಮೂಳೆ ಕೂರದು, ಏಕೆಂದರೆ ತುಂಡು ಒಳಕ್ಕೆ ಜಜ್ಜಿ ಕೂತಿರುತ್ತದೆ, ಹಿಂಗೈ ಕಡೆಯ ಪೆರಿಯಾಸ್ಟಿಯಂ (ಮೂಳೆಯ ಹೊದಿಕೆ ಪೊರೆ) ಹರಿಯದೆ ಹಿಡಿದಿರುತ್ತದೆ. ಆದ್ದರಿಂದ ಮೊದಲು ವಕ್ರತೆಯನ್ನು ತುಸು ಹೆಚ್ಚಿಸಿ ಸಿಕ್ಕು ಬಿಡಿಸಿಕೊಂಡು, ಹೆಬ್ಬೆರಳಿನಿಂದ ತುಂಡನ್ನು ಮುಂದಕ್ಕೂ ಅಂಗೈ ಕಡೆಗೂ ತಳ್ಳಿ, ಕೊನೆಗೆ ಮಣಿಕಟ್ಟನ್ನು ಸ್ವಲ್ಪ ಬಾಗಿಸಿ ಕಿರುಬೆರಳ ಕಡೆಗೆ ತಿರುಗಿಸಬೇಕು. ಅತಿಯಾಗಿ ಬಾಗಿಸಿದರೆ ಎಕ್ಸ್‌ರೇ ಅಂದವಾಗಿ ಬರುತ್ತದೆ, ಮೀಡಿಯನ್ ನರ ಮಾತ್ರ ಒತ್ತಿಹೋಗುತ್ತದೆ.

ಇನ್ನು ಪಟ್ಟಿ. ರೋಗಿಗಳ ಬಾಯಲ್ಲಿ ಇದು ಸಿಮೆಂಟು. ಹೊಸ ಮುರಿತಕ್ಕೆ ಸುತ್ತಲೂ ಮುಚ್ಚಿದ ಕಾಸ್ಟ್ ಬೇಡ, ಒಂದು ಬದಿಯ ಸ್ಲ್ಯಾಬ್ ಹಾಕಿ. ಊತಕ್ಕೆ ಜಾಗ ಉಳಿಯುತ್ತದೆ. 10 ಸೆಂ.ಮೀ. ಅಗಲದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ರೋಲ್ ತೆಗೆದುಕೊಂಡು, ನೋವಿಲ್ಲದ ಕೈಯ ಮೇಲೆ ಮೊಣಕೈ ಮಡಿಕೆಯ ಎರಡು ಬೆರಳು ಕೆಳಗಿನಿಂದ ಗೆಣ್ಣುಗಳವರೆಗೆ ಅಳೆಯಿರಿ. ಒದ್ದೆಯಾದಾಗ ಕುಗ್ಗುತ್ತದೆ, 1–2 ಸೆಂ.ಮೀ. ಹೆಚ್ಚಿಗೆ ಇರಲಿ. ಕೈಗೆ 8–10 ಪದರ. ಕಾಲಿಗಾದರೆ 15 ಸೆಂ.ಮೀ. ರೋಲ್, 12–15 ಪದರ. ಹತ್ತಿ ರೋಲನ್ನು ಅರ್ಧಕ್ಕರ್ಧ ಮೇಲೇರುವಂತೆ ಸುತ್ತಿ, ಅಲ್ನಾ ಗಂಟಿನ ಮೇಲೆ ಒಂದು ತುಂಡು ಹೆಚ್ಚಿಗೆ ಇಡಿ. ತೀರಾ ದಪ್ಪ ಸುತ್ತಿದರೆ ಒಳಗೆ ಮೂಳೆ ಜಾರುತ್ತದೆ.

ನೀರು ಬಿಸಿ ಇರಬಾರದು, ನಲ್ಲಿ ನೀರು ಸಾಕು. ಪಿಒಪಿ ನೀರು ಹೀರಿ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಬಿಸಿನೀರು, ಹೆಚ್ಚು ಪದರ, ಹಿಂದಿನ ರೋಗಿಗೆ ಬಳಸಿದ ಬಕೆಟ್ಟಿನ ಹಾಲುಬಣ್ಣದ ನೀರು ಮೂರೂ ಸೇರಿದರೆ ಚರ್ಮ ಸುಡುವ ಮಟ್ಟಕ್ಕೆ ಏರಬಹುದು. ಸ್ಲ್ಯಾಬಿನ ಎರಡೂ ತುದಿ ಹಿಡಿದು ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಕಾಯಿರಿ, ಮೆಲ್ಲಗೆ ಹಿಂಡಿ. ನಂತರ ತೂಗುಹಾಕಿ ಹಿಡಿದು ಎರಡು ಬೆರಳ ನಡುವೆ ಮೇಲಿನಿಂದ ಕೆಳಗೆ ನೇವರಿಸಿ. ಅವಸರಕ್ಕೆ ಬಿಡುವುದು ಈ ಹೆಜ್ಜೆಯನ್ನೇ. ನೇವರಿಸದ ಪದರಗಳು ಒಂದಾಗುವುದಿಲ್ಲ, ಮೂರನೇ ದಿನ ಮಣಿಕಟ್ಟಿನಲ್ಲೇ ಬಿರುಕು ಬಿಡುತ್ತವೆ. ಕೈ ಮೇಲೆ ಇಟ್ಟ ಮೇಲೆ ಅಂಗೈಯಿಂದ ಹಿಡಿಯಿರಿ, ಬೆರಳ ತುದಿಯಿಂದ ಒತ್ತಬೇಡಿ. ಇಂದಿನ ಬೆರಳ ಗುಳಿ ಮುಂದೆ ಚರ್ಮದ ಹುಣ್ಣು. ಬ್ಯಾಂಡೇಜ್ ಉರುಳಿಸಿಕೊಂಡು ಹೋಗಿ, ಎಳೆದು ಸುತ್ತಬೇಡಿ. ಅಂಗೈ ಕಡೆ ಮಡಿಕೆ ಗೆರೆಯ ಆಚೆ ಏನೂ ಹೋಗಕೂಡದು, ಹೆಬ್ಬೆರಳು ಬಿಡುಬೀಸಾಗಿರಲಿ. ಐದಾರು ನಿಮಿಷದಲ್ಲಿ ಬಿಗಿಯುತ್ತದೆ, ಪೂರ್ತಿ ಒಣಗಲು ಒಂದೆರಡು ದಿನ ಬೇಕು. ರೋಗಿಗೆ ಹಾಕುವ ಮೊದಲು ಸಹಪಾಠಿಯ ಕೈಗೆ ಹಾಕಿ ಕಲಿಯಿರಿ. ಬಿಸಿ ಎಷ್ಟು, ಬಿಗಿ ಎಷ್ಟು ಎಂದು ಅವರೇ ಹೇಳುತ್ತಾರೆ.

ಸ್ಲ್ಯಾಬಿನೊಂದಿಗೇ ಮತ್ತೆ ಎಕ್ಸ್‌ರೇ, ಮತ್ತೆ ನರಪರೀಕ್ಷೆ. ಹಿಂಗೈ ಕಡೆ ವಾಲಿಕೆ 10 ಡಿಗ್ರಿಗಿಂತ ಹೆಚ್ಚು, ಉದ್ದದಲ್ಲಿ 3 ಮಿ.ಮೀ.ಗಿಂತ ಹೆಚ್ಚಿನ ಕೊರತೆ, ಇಲ್ಲವೇ ಕೀಲಿನಲ್ಲಿ 2 ಮಿ.ಮೀ.ಗಿಂತ ದೊಡ್ಡ ಮೆಟ್ಟಿಲು ಉಳಿದಿದ್ದರೆ ತಂತಿಯೋ ಪ್ಲೇಟೋ ಎಂದು ಹಿರಿಯರ ಜೊತೆ ಮಾತಾಡಬೇಕು. ವಯಸ್ಸಾದವರಲ್ಲಿ, ಕೈಯ ಬಳಕೆ ಕಡಿಮೆ ಇದ್ದವರಲ್ಲಿ ಈ ಗೆರೆ ಸಡಿಲವಾಗುತ್ತದೆ. ಮುರಿತ ಜಾರುವುದು ಬಹುಪಾಲು ಮೊದಲ ಎರಡು ವಾರದಲ್ಲಿ. ಹಾಗಾಗಿ 7ನೇ ಮತ್ತು 14ನೇ ದಿನದ ಎಕ್ಸ್‌ರೇ ತಪ್ಪಿಸಬಾರದು.

ಮನೆಗೆ ಕಳಿಸುವಾಗ ಹೇಳಬೇಕಾದ ಮಾತು: ಕೈ ಎದೆಗಿಂತ ಮೇಲಿರಲಿ, ಬೆರಳು ಪೂರ್ತಿ ಮಡಿಚಿ ಬಿಡಿಸುತ್ತಿರಿ, ಭುಜ ದಿನವೂ ಎತ್ತಿ. ನೋವು ಗುಳಿಗೆಗೆ ಬಗ್ಗದೆ ಏರುತ್ತಿದ್ದರೆ, ಬೆರಳನ್ನು ಬೇರೆಯವರು ನೇರ ಮಾಡಿದಾಗ ಚೀರುವಷ್ಟು ನೋವಾದರೆ, ಬೆಳಗಿನವರೆಗೆ ಕಾಯದೆ ಬನ್ನಿ. ಇದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ನ ಲಕ್ಷಣ, ಅಂದರೆ ಒಳಗೆ ಒತ್ತಡ ಏರಿ ಸ್ನಾಯುವಿಗೆ ರಕ್ತ ಸಿಗದ ಸ್ಥಿತಿ. ನಾಡಿ ಸಿಗುತ್ತಿದೆ ಎಂದು ಸಮಾಧಾನಪಡುವುದು ಅತಿ ದೊಡ್ಡ ತಪ್ಪು, ನಾಡಿ ಹೋಗುವುದು ಕಟ್ಟಕಡೆಗೆ. ಹಾಗೆ ಬಂದ ರೋಗಿಯ ಬ್ಯಾಂಡೇಜು, ಹತ್ತಿ ಎಲ್ಲವನ್ನೂ ಚರ್ಮ ಕಾಣುವವರೆಗೆ ನೀವು ಕತ್ತರಿಸಿ. ಮೇಲಿನ ಪದರ ಮಾತ್ರ ಸಡಿಲಿಸಿದರೆ ಪ್ರಯೋಜನವಿಲ್ಲ. ಆಗ ಕೈಯನ್ನು ಎತ್ತರಕ್ಕೂ ಏರಿಸಬಾರದು, ಹೃದಯದ ಮಟ್ಟದಲ್ಲಿಡಬೇಕು. ಆದರೂ ನೋವು ಇಳಿಯದಿದ್ದರೆ ಫ್ಯಾಸಿಯಾಟಮಿ, ಅಂದರೆ ಸ್ನಾಯುವಿನ ಬಿಗಿ ಹೊದಿಕೆಯನ್ನು ಸೀಳಿ ಒತ್ತಡ ಇಳಿಸುವ ಶಸ್ತ್ರಕ್ರಿಯೆ. ಗಂಟೆಗಟ್ಟಲೆ ತಡವಾದರೆ ಸ್ನಾಯು ಸತ್ತು, ಬೆರಳು ಕೊಕ್ಕೆಯಂತೆ ಸೆಟೆದುಕೊಳ್ಳುತ್ತದೆ. ಬಿದಿರು ಸೀಳಿಟ್ಟು ಬಿಗಿದ ನಾಟಿ ಕಟ್ಟಿನೊಂದಿಗೆ ಬಂದವರಲ್ಲೂ ಮೊದಲ ಕೆಲಸ ಇದೇ: ಬೈಯುತ್ತ ನಿಲ್ಲದೆ ಕಟ್ಟು ಬಿಚ್ಚುವುದು.

ಐದಾರು ವಾರಕ್ಕೆ ಪಟ್ಟಿ ಬಿಚ್ಚಿದಾಗ ಹೆಚ್ಚಾಗಿ ಕಾಡುವುದು ಬಿಗಿದ ಬೆರಳು. ಇನ್ನೊಂದು ಅಪರೂಪದ್ದು ತಿಳಿದಿರಲಿ: ಅಷ್ಟೇನೂ ಜರುಗದ ಮುರಿತದಲ್ಲಿಯೂ ಕೆಲ ವಾರಗಳ ನಂತರ ಹೆಬ್ಬೆರಳ ತುದಿಯನ್ನು ಮೇಲೆತ್ತುವ ಸ್ನಾಯುರಜ್ಜು ಸವೆದು ತುಂಡಾಗಬಹುದು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆ ಇರಿಸಿ ಹೆಬ್ಬೆರಳು ಎತ್ತಲು ಹೇಳಿ. ಎತ್ತಲಾಗದಿದ್ದರೆ ತುದಿ ಜೋಡಿಸಿ ಹೊಲಿಯಲು ಬರುವುದಿಲ್ಲ. ತೋರುಬೆರಳಿಗಿರುವ ಎರಡು ರಜ್ಜುಗಳಲ್ಲಿ ಒಂದನ್ನು ಹೆಬ್ಬೆರಳಿಗೆ ವರ್ಗಾಯಿಸುತ್ತಾರೆ. ಥಿಯೇಟರಿನಲ್ಲಿ ಈ ಆಪರೇಷನ್ ಇದ್ದ ದಿನ ಇಣುಕಿ ನೋಡಿ.