ಪಿ ಬೇಸ್ ಮಾರಿ ಜೆ ಬೇಸ್ ತಗೊಳ್ಳೋ ಮುಂಚೆ ಟೇಪ್ ಹಿಡಿದು ನೋಡ್ರಪ್ಪಾ

ಜಾತ್ರೆ ಸೀಸನ್ ಮುಗೀತಿದ್ದಂಗೆ ಬೇಸ್ ಗಿಟಾರ್ ರಿಪೇರಿ ಮಾಡೋ ನಂಗೆ ಬರೋ ಫೋನಲ್ಲಿ ಹೆಚ್ಚುಕಮ್ಮಿ ಒಂದೇ ಡೈಲಾಗು, "ಅಣ್ಣಾ ನನ್ ಕೈ ಸಣ್ಣದು, ಬೆರಳು ಮುಟ್ಟಂಗಿಲ್ಲ, ಪಿ ಬೇಸ್ ಮಾರಿ ಜೆ ಬೇಸ್ ತಗೊಂತೀನಿ, ಅದ್ರ ನೆಕ್ ಸಣ್ಣ ಐತಂತಲ್ಲ?" ಪಿ ಅಂದ್ರೆ ಫೆಂಡರ್ ಕಂಪನಿಯ ಪ್ರಿಸಿಷನ್, ಜೆ ಅಂದ್ರೆ ಅದೇ ಕಂಪನಿಯ ಜಾಝ್, ಎರಡೂ ನಾಲ್ಕು ತಂತಿಯ ಬೇಸ್ ಗಿಟಾರ್; ನೆಕ್ ಅಂದ್ರೆ ಬೆರಳಿಟ್ಟು ತಂತಿ ಒತ್ತೋ ಉದ್ದನೆ ಕಟ್ಟಿಗೆ. ಸಿಂಧನೂರಿನ ಹುಡುಗನೂ ಇದೇ, ಗಂಗಾವತಿ ಆರ್ಕೆಸ್ಟ್ರಾದವ್ರೂ ಇದೇ, ಇಲ್ಲೇ ಬಳ್ಳಾರಿ ಚರ್ಚ್ ಟೀಮಿನ ಹುಡುಗ್ರೂ ಇದೇ. ಸಣ್ಣ ಅಂದ್ರೆ ಯಾವ ಕಡೆಯಿಂದ ಸಣ್ಣಪ್ಪಾ ಅಂತ ಕೇಳಿದ್ರೆ ಆ ಕಡೆ ಸದ್ದೇ ಇಲ್ಲ. ಆಮೇಲೆ ಹಳೇದನ್ನ ಬಂದಷ್ಟಕ್ಕೆ ಕೊಟ್ಟು, ಮೇಲೆ ಕೈಯಿಂದ ದುಡ್ಡು ಹಾಕಿ ಜೆ ಬೇಸ್ ತರ್ತಾರೆ, ಸ್ವಲ್ಪ ದಿನ ಬಿಟ್ಟು ಅದೇ ನಂಬರಿಂದ ಮತ್ತೆ ಫೋನು, "ಅಣ್ಣಾ ಇದ್ರಾಗೂ ಬೆರಳು ಮುಟ್ಟವಲ್ದು." ಹೆಂಗ್ ಮುಟ್ಟುತ್ತೆ ಹೇಳ್ರಿ?

ಎರಡರ ಪಿಕಪ್ (ತಂತಿಯ ಸದ್ದು ಹಿಡಿಯೋ ಭಾಗ) ಹೆಂಗಿರುತ್ತೆ, ಅದೆಲ್ಲ ಇಲ್ಲಿ ಬ್ಯಾಡ. ನಾನು ಹೇಳೋದು ಒಂದೇ ಮಾತು, ನೆಕ್ ಸೈಜ್ ಅಂತ ಒಂದು ಅಳತೆ ಇಲ್ಲ, ಮೂರು ಅದಾವೆ. ಉದ್ದ, ಅಂದ್ರೆ ನಟ್ (ನೆಕ್ಕಿನ ತಲೆ ಕಡೆ ತಂತಿ ಕೂಡೋ ಪಟ್ಟಿ) ನಿಂದ ಬ್ರಿಡ್ಜ್ ಸ್ಯಾಡಲ್ (ಬಾಡಿ ಮೇಲೆ ತಂತಿ ಕೂಡೋ ಕಡೆ) ವರೆಗೆ ತಂತಿಯ ಉದ್ದ, ಅದಕ್ಕೆ ಸ್ಕೇಲ್ ಅಂತೀವಿ. ಅಗಲ, ಇದನ್ನ ನಟ್ ಹತ್ರ ಅಳೀತೀವಿ. ಇನ್ನೊಂದು ದಪ್ಪ, ಹಿಂದ್ಗಡೆ ಹೆಬ್ಬೆರಳು ಕೂಡೋ ಕಡೆ ಕಟ್ಟಿಗೆ ಎಷ್ಟು ಐತೆ ಅನ್ನೋದು. ಅಂಗಡಿಯವ್ರು, ಯೂಟ್ಯೂಬ್ ನವ್ರು, ಎಲ್ರೂ ಮೂರನ್ನೂ ಸೇರಿಸಿ "ಸ್ಲಿಮ್ ನೆಕ್" ಅಂದುಬಿಡ್ತಾರೆ, ತಾಪತ್ರಯ ಶುರು ಆಗೋದೇ ಅಲ್ಲಿ.

ಫೆಂಡರ್ ಪ್ರಿಸಿಷನ್ ಬಂದಿದ್ದು 1951ರಲ್ಲಿ, ಸ್ಕೇಲ್ 34 ಇಂಚು. ಜಾಝ್ ಬಂದಿದ್ದು 1960ರಲ್ಲಿ, ಅದೂ 34 ಇಂಚು. ಫ್ರೆಟ್ಟುಗಳು, ಅಂದ್ರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳು, ಎಲ್ಲೆಲ್ಲಿ ಕೂಡಬೇಕು ಅನ್ನೋದನ್ನ ನಿರ್ಧಾರ ಮಾಡೋದು ಸ್ಕೇಲ್ ಒಂದೇ, ಅಗಲನೂ ಅಲ್ಲ ದಪ್ಪನೂ ಅಲ್ಲ. 34 ಇಂಚಿನ ಯಾವ ಬೇಸ್ ತಗೊಂಡ್ರೂ ಮೊದಲನೇ ಫ್ರೆಟ್ ನಿಂದ ನಾಲ್ಕನೇ ಫ್ರೆಟ್ ಗೆ ಸುಮಾರು 130 ಎಂಎಂ. ಪಿ ಆದ್ರೂ 130, ಜೆ ಆದ್ರೂ 130, ಚೈನಾ ಕಾಪಿ ಆದ್ರೂ 130. ತೋರುಬೆರಳು ಒಂದರ ಮೇಲಿಟ್ಟು ಕಿರುಬೆರಳು ನಾಲ್ಕಕ್ಕೆ ಮುಟ್ಟಲ್ಲ ಅನ್ನೋದು ನಿಮ್ಮ ಕಷ್ಟ ಆಗಿದ್ರೆ ಜೆ ಬೇಸ್ ಅದರಲ್ಲಿ ಒಂದು ಕೂದಲೆಳೆಯಷ್ಟೂ ಸಹಾಯ ಮಾಡಲ್ಲ. ಇದನ್ನ ದಯವಿಟ್ಟು ಇನ್ನೊಂದು ಸಲ ಓದ್ರಿ.

ಹಂಗಾದ್ರೆ ಜೆ ಬೇಸಲ್ಲಿ ಸಣ್ಣ ಇರೋದು ಏನು? ನಟ್ ಹತ್ರ ಅಗಲ. ಜಾಝ್ ದು ಒಂದೂವರೆ ಇಂಚು, 38 ಎಂಎಂ. ಪ್ರಿಸಿಷನ್ ದು ಈಗ ಸಾಮಾನ್ಯವಾಗಿ 41 ಚಿಲ್ರೆ ಬರುತ್ತೆ, ಹಳೇ ಕಾಲದ್ದು, ಹಳೇ ಲೆಕ್ಕದಲ್ಲಿ ಮಾಡಿರೋದು ಒಂದೂಮುಕ್ಕಾಲು ಇಂಚು, ಅಂದ್ರೆ 44. ಈಗಿನದಕ್ಕೆ ಮೂರು ಎಂಎಂ ವ್ಯತ್ಯಾಸ, ಅದೂ ನಟ್ ಹತ್ರ ಮಾತ್ರ. ಬ್ರಿಡ್ಜ್ ಹತ್ರ ಎರಡರಲ್ಲೂ ತಂತಿಗೂ ತಂತಿಗೂ 19 ಎಂಎಂ ಆಸುಪಾಸು, ನೆಕ್ ಬಾಡಿಗೆ ಕೂಡೋ ಕಡೆ ಎರಡೂ ಸುಮಾರು ಎರಡೂವರೆ ಇಂಚು ಅಗಲ. ಹಂಗಾಗಿ ಮೇಲಕ್ಕೆ, ಅಂದ್ರೆ ಬಾಡಿ ಕಡೆ, ಹೋದಂಗೆಲ್ಲ ಆ ಮೂರು ಎಂಎಂ ಕರಗ್ತಾ ಬರುತ್ತೆ, ಹನ್ನೆರಡನೇ ಫ್ರೆಟ್ ದಾಟಿದ ಮೇಲೆ ಕಣ್ಣು ಮುಚ್ಚಿ ಹಿಡ್ಕೊಟ್ರೆ ಬಹಳ ಜನಕ್ಕೆ ಯಾವುದು ಪಿ ಯಾವುದು ಜೆ ಗೊತ್ತಾಗಲ್ಲ, ಬೇಕಾದ್ರೆ ಟ್ರೈ ಮಾಡ್ರಿ.

ಈ ಮಾತು ತಟ್ಟನೆ ಹಿಡಿದವ್ರು ಒಬ್ರೇ, ಅವ್ರು ಬೇಸ್ ನುಡಿಸೋರೂ ಅಲ್ಲ. ಒಬ್ಬ ಹುಡುಗ ಅಪ್ಪನ್ನ ಕರ್ಕೊಂಡು ಬಂದಿದ್ದ, ಹೊಸ ಬೇಸ್ ಕೊಡಿಸೋಕೆ ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಬಳ್ಳಾರಿ ಜೀನ್ಸ್ ಯೂನಿಟ್ ನಲ್ಲಿ ಕಟಿಂಗ್ ಮಾಸ್ಟರ್, ಕೊರಳಲ್ಲಿ ಟೇಪ್ ಹಂಗೇ ಜೋತಾಡ್ತಿತ್ತು. ನಾನು ಮಗನಿಗೆ ಸ್ಕೇಲು ನಟ್ಟು ಅಂತ ಹೇಳ್ತಿದ್ರೆ ಅವನ ಕಣ್ಣೆಲ್ಲ ಗೋಡೆಗೆ ನೇತುಹಾಕಿದ ಸನ್ ಬರ್ಸ್ಟ್ ಜೆ ಬೇಸ್ ಮೇಲೆ. ಅಪ್ಪ ಸುಮ್ನೆ ಟೇಪ್ ತೆಗೆದು ಎರಡೂ ಬೇಸಲ್ಲಿ ಒಂದರಿಂದ ನಾಲ್ಕನೇ ಫ್ರೆಟ್ ಅಳೆದ್ರು, ಮತ್ತೊಂದ್ಸಲ ಅಳೆದ್ರು. "ಅಲ್ಲಲೇ, ಪ್ಯಾಂಟ್ ಉದ್ದ ಆಗೈತೆ ಅಂತ ಬಂದು ಸೊಂಟ ಹಿಡಿಸ್ಕೊಂಡು ಹೊಂಟಿಯಲ್ಲೋ" ಅಂದ್ರು. ಹುಡುಗ ಒಂದು ವಾರ ನನ್ ಮೇಲೆ ಸಿಟ್ಟಾಗಿದ್ದ.

ದಪ್ಪದ ವಿಷ್ಯ ಇನ್ನೂ ಗೊಂದಲ. ಮೊದಲನೇ ಫ್ರೆಟ್ ಹತ್ರ 20 ರಿಂದ 23 ಎಂಎಂ ಒಳಗೆ ಬಹಳಷ್ಟು ಬೇಸ್ ಬರ್ತಾವೆ, ಆದ್ರೆ ಕೈಗೆ ದಪ್ಪ ಅನ್ಸೋದು ಬರೀ ಎಂಎಂ ಇಂದಲ್ಲ, ಹೆಗಲು, ಅಂದ್ರೆ ಹಿಂಭಾಗದ ಎರಡೂ ಅಂಚು, ಹೆಂಗೆ ಇಳಿಸಿದಾರೆ ಅನ್ನೋದ್ರಿಂದಾನೂ. ಇಲ್ಲಿ ಒಂದು ಅಕ್ಷರದ ಗಲಾಟೆ ಐತೆ. ಈಗಿನ ಸ್ಪೆಕ್ ನಲ್ಲಿ "ಸಿ ಶೇಪ್" ಅಂದ್ರೆ ಹಿಂಭಾಗದ ಗುಂಡಗಿನ ಆಕಾರ. ಆದ್ರೆ 60ರ ದಶಕದ ಫೆಂಡರ್ ನೆಕ್ ಗಳ ಬುಡದಲ್ಲಿ ತಿಂಗಳು ವರ್ಷದ ಜೊತೆ ಎ, ಬಿ, ಸಿ, ಡಿ ಅಂತ ಠಸ್ಸೆ ಹೊಡೀತಿದ್ರಲ್ಲ, ಅದು ನಟ್ ಅಗಲ, ಆಕಾರ ಅಲ್ವೇ ಅಲ್ಲ: ಎ ಅಂದ್ರೆ ಒಂದೂವರೆ ಇಂಚು, ಬಿ ಅಂದ್ರೆ 1.625, ಸಿ ಅಂದ್ರೆ ಒಂದೂಮುಕ್ಕಾಲು, ಡಿ ಇನ್ನೂ ಅಗಲ. ಆಗ ಎ ನೆಕ್ ಹಾಕಿದ ಪ್ರಿಸಿಷನ್ನೂ ಬರ್ತಿತ್ತು, ಈಗ್ಲೂ ಪ್ರಿಸಿಷನ್ ಅಂತ ಹೆಸರಿಟ್ಟು 38ರ ನಟ್ ಕೊಡೋ ಮಾಡೆಲ್ ಅದಾವೆ. ಅದಕ್ಕೇ ಹೆಸರು ನೋಡಿ ದುಡ್ಡು ಕೊಡಬ್ಯಾಡ್ರಿ, ನಂಬರ್ ಕೇಳ್ರಿ.

ಇನ್ನು ನಿಜ ಹೇಳ್ಬೇಕಂದ್ರೆ, "ನೆಕ್ ದಪ್ಪ" ಅಂತ ನನ್ ಟೇಬಲ್ಲಿಗೆ ಬರೋ ಬೇಸಲ್ಲಿ ಬಹುಪಾಲು ನೆಕ್ ತಪ್ಪೇ ಇರಲ್ಲ, ಸೆಟಪ್ ಆಗಿರಲ್ಲ, ಅಂದ್ರೆ ತಂತಿ ಎತ್ತರ, ನೆಕ್ ಬಾಗು ಸರಿ ಮಾಡಿರಲ್ಲ ಅಷ್ಟೇ. ಮಳೆಗಾಲದಲ್ಲಿ ಕಟ್ಟಿಗೆ ತೇವ ಹೀರಿ ನೆಕ್ ಮುಂದಕ್ಕೆ ಬಾಗುತ್ತೆ, ತಂತಿ ಮೇಲೇಳುತ್ತೆ, ಒತ್ತೋಕೆ ಜೋರು ಬೇಕು, ಅದಕ್ಕೆ ಹೆಸರು ನೆಕ್ ದಪ್ಪ ಆಯ್ತು. ಏಪ್ರಿಲ್ ಮೇನಲ್ಲಿ ರಾಯಚೂರು ಕಡೆ ಬಿಸಿಲು ಹೆಂಗಿರುತ್ತೆ ಗೊತ್ತಲ್ಲ, ಫ್ರೆಟ್ ಬೋರ್ಡಿನ ಕಟ್ಟಿಗೆ ಒಣಗಿ ಸೊರಗುತ್ತೆ, ಫ್ರೆಟ್ ತಂತಿ ಲೋಹ, ಅದು ಸೊರಗಲ್ಲ, ತುದಿಗಳು ಅಂಚಿಗೆ ಚಾಚ್ಕೊಂಡು ಕೈ ಕೊರೀತಾವೆ, ಅದಕ್ಕೂ ಹೆಸರು ನೆಕ್ ಅಗಲ ಐತೆ. ಮನೇಲೇ ನೋಡ್ಕೊಳ್ರಿ: ಇ ತಂತೀನ ಮೊದಲನೇ ಫ್ರೆಟ್ ಮತ್ತೆ ಕೊನೇ ಫ್ರೆಟ್ ಎರಡೂ ಕಡೆ ಒತ್ತಿ ಹಿಡೀರಿ, ಎಂಟನೇ ಫ್ರೆಟ್ ಹತ್ರ ತಂತಿ ಕೆಳಗೆ ವಿಸಿಟಿಂಗ್ ಕಾರ್ಡ್ ದಪ್ಪದಷ್ಟು, ಅಂದ್ರೆ 0.3 ಎಂಎಂ ಸುಮಾರು ಸಂದು ಇರ್ಬೇಕು. ಆಮೇಲೆ ಮೂರನೇ ಫ್ರೆಟ್ ಒತ್ತಿ ಮೊದಲನೇ ಫ್ರೆಟ್ ಮೇಲೆ ನೋಡ್ರಿ, ಅಲ್ಲಿ ಕಾಗದದಷ್ಟೇ ಸಂದಿರ್ಬೇಕು, ಅದಕ್ಕಿಂತ ಜಾಸ್ತಿ ಇದ್ರೆ ನಟ್ ಗಾಡಿ (ತಂತಿ ಕೂಡೋಕೆ ಕೊರೆದ ಸಂದು) ಆಳ ಆಗಿಲ್ಲ, ಅದು ಫೈಲ್ ಹಾಕೋ ಸಣ್ಣ ಕೆಲಸ, ಹೊಸ ಬೇಸ್ ತಗೊಳ್ಳೋ ಕೆಲಸ ಅಲ್ಲ. ಟ್ರಸ್ ರಾಡ್, ಅಂದ್ರೆ ನೆಕ್ ಬಾಗು ಸರಿ ಮಾಡೋ ಒಳಗಿನ ಸರಳು, ಮಾತ್ರ ಗೊತ್ತಿಲ್ದೆ ತಿರುವಬ್ಯಾಡ್ರಿ, ತಿರುವಿದ್ರೂ ಒಂದು ಸಲಕ್ಕೆ ಕಾಲು ಸುತ್ತಿನೊಳಗೆ.

ಕೈ ಸಣ್ಣ ಅನ್ನೋರಿಗೆ ಇನ್ನೊಂದು. ಕೊಪ್ಪಳದ ಕಡೆ ಒಬ್ರು ಹಿರಿಯರು ಅದಾರೆ, ಆರ್ಕೆಸ್ಟ್ರಾದಲ್ಲಿ ಎಷ್ಟೋ ವರ್ಷದಿಂದ ಬೇಸ್ ನುಡಿಸ್ತಾರೆ, ಕೈ ನೋಡಿದ್ರೆ ನನ್ ಕೈಗಿಂತ ಚಿಕ್ಕದು, ಬೇಸು ಮಾತ್ರ ಅಗಲ ನೆಕ್ಕಿನ ಹಳೇ ಪ್ರಿಸಿಷನ್ ಕಾಪಿ. ಹೆಂಗ್ರೀ ಅಂದ್ರೆ "ನಾ ಯಾಕ ನಾಕೂ ಬೆರಳು ಚಾಚಲಿ, ಕೈನ ಸರಸ್ತೀನಿ" ಅಂದ್ರು. ಡಬಲ್ ಬೇಸ್ (ನೆಟ್ಟಗೆ ನಿಲ್ಲಿಸಿ ನುಡಿಸೋ ದೊಡ್ಡ ಬೇಸ್) ನುಡಿಸೋರ ಪದ್ಧತಿ ಅದೇ, ನಮ್ಮ ಬೇಸಲ್ಲಿ ನಟ್ ಹತ್ರದ ಫ್ರೆಟ್ಟುಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಮೂರರಲ್ಲಿ ಮೂರೇ ಫ್ರೆಟ್, ನಾಲ್ಕನೇದು ಬೇಕಾದ್ರೆ ಇಡೀ ಕೈ ಸರಿಸೋದು. ಹುಡುಗ್ರು ಒಂದು ಫ್ರೆಟ್ಟಿಗೆ ಒಂದು ಬೆರಳು ಅಂತ ಹಟ ಹಿಡಿದು, ಸ್ಟ್ರ್ಯಾಪ್ ಮೊಣಕಾಲಿಗೆ ಇಳಿಸಿ, ಮಣಿಕಟ್ಟು ಮುರಿಯೋ ಹಂಗೆ ಬಗ್ಗಿಸಿ, ಕೊನೆಗೆ ಬೈಯೋದು ನೆಕ್ಕಿಗೆ. ಸ್ಟ್ರ್ಯಾಪ್ ನಾಲ್ಕು ಬೆರಳು ಮೇಲೆತ್ತಿ ಹೆಬ್ಬೆರಳು ನೆಕ್ ಹಿಂದಕ್ಕೆ ತಂದ್ರೆ ಅರ್ಧ ಕಷ್ಟ ಅಲ್ಲೇ ಹೋಗುತ್ತೆ. ಕೈ ಜೋಮು ಹಿಡಿಯೋದು, ರಾತ್ರಿ ನೋವು ಬರೋದು ಇದ್ರೆ ಡಾಕ್ಟರ್ ಹತ್ರ ಹೋಗ್ರಿ, ನಾನು ಕಟ್ಟಿಗೆ ರಿಪೇರಿ ಮಾಡೋನು.

ಇಷ್ಟಾದ್ರೂ ಮುಟ್ಟಲ್ಲ ಅಂದ್ರೆ ಬೇಕಾಗಿರೋದು ಜೆ ಬೇಸ್ ಅಲ್ಲ, ಶಾರ್ಟ್ ಸ್ಕೇಲ್. ಫೆಂಡರ್ ಮಸ್ಟಂಗ್ ಬೇಸ್ 1966ರಿಂದ ಐತೆ, 30 ಇಂಚು, ಪಾಲ್ ಮೆಕಾರ್ಟ್ನಿ ನುಡಿಸಿದ ಹಾಫ್ನರ್ರೂ ಶಾರ್ಟ್ ಸ್ಕೇಲೇ. 30 ಇಂಚಲ್ಲಿ ಒಂದರಿಂದ ನಾಲ್ಕನೇ ಫ್ರೆಟ್ 114 ಎಂಎಂ ಸುಮಾರು, ಅಂದ್ರೆ ಹದಿನೈದು ಹದಿನಾರು ಎಂಎಂ ಕಮ್ಮಿ, ಸಣ್ಣ ಕೈಗೆ ಅದು ನಿಜವಾದ ವ್ಯತ್ಯಾಸ. ಆದ್ರೆ ತಂತಿ ಬಿಗಿ ಕಮ್ಮಿ ಆಗುತ್ತೆ, ಇ ತಂತಿ ಸ್ವಲ್ಪ ಮೆತ್ತಗೆ ದುಂಡಗೆ ಕೇಳುತ್ತೆ, ಕೆಲವ್ರಿಗೆ ಅದೇ ಇಷ್ಟ, ಕೆಲವ್ರಿಗೆ ಆಗಲ್ಲ. ನುಡಿಸಿ ನೋಡ್ದೆ ತರಿಸ್ಬ್ಯಾಡ್ರಿ, ತಂತೀನೂ ಶಾರ್ಟ್ ಸ್ಕೇಲ್ ದೇ ಹಾಕ್ಬೇಕು.

ಜೆ ಬೇಸ್ ಬ್ಯಾಡ ಅಂತ ನಾನು ಹೇಳ್ತಿಲ್ಲ ಮತ್ತೆ. ಇ ಇಂದ ಜಿ ತಂತಿಗೆ ಬೆರಳು ಅಡ್ಡ ದಾಟಿಸೋದು ತೊಡಕು ಅನ್ಸೋರಿಗೆ, ಆರು ತಂತಿ ಗಿಟಾರಿಂದ ಬಂದೋರಿಗೆ, ಎರಡು ಪಿಕಪ್ಪಿನ ಸೌಂಡ್ ಬೇಕಾದೋರಿಗೆ ಅದು ಸರಿಯಾದ ಆಯ್ಕೆ. ಸೌಂಡಿಗೆ ತಗೊಳ್ರಿ, ಖುಷಿಯಿಂದ ತಗೊಳ್ರಿ. ಬೆರಳು ಮುಟ್ಟುತ್ತೆ ಅಂತ ತಗೋಬ್ಯಾಡ್ರಿ ಅಷ್ಟೇ.

ಕಡೇದಾಗಿ, "ಅಣ್ಣಾ ನೆಕ್ ಹಿಂದ್ಗಡೆ ಸವರಿ ತೆಳ್ಳಗೆ ಮಾಡ್ಕೊಡು, ಬಡಿಗೇರ ಹತ್ರ ಕೇಳಿದ್ರೆ ಐನೂರಕ್ಕೆ ಮಾಡ್ತೀನಿ ಅಂದ" ಅನ್ನೋರು. ಆ ಕಟ್ಟಿಗೆ ಒಳಗೆ ಟ್ರಸ್ ರಾಡ್ ಕೂತಿರುತ್ತೆ, ಮೇಲೆ ನಾಲ್ಕು ತಂತಿ ಸೇರಿ 70-80 ಕೆಜಿ ಎಳೀತಿರುತ್ತೆ. ಒಂದೆರಡು ಎಂಎಂ ಸವರೋ ಹೊತ್ತಿಗೆ ರಾಡಿನ ಗಾಡಿ ಬಾಯಿ ಬಿಟ್ಕೊಂಡ್ರೆ ಆ ನೆಕ್ ಒಲೆಗೆ. ಕೆಲವು ನೆಕ್ಕಲ್ಲಿ ಜಾಗ ಇರುತ್ತೆ, ಕೆಲವ್ರು ಚೆನ್ನಾಗೂ ಮಾಡ್ತಾರೆ, ಆದ್ರೆ ನಾನು ಮಾಡಲ್ಲ, ಫೋನ್ ಮಾಡಿ ಚೌಕಾಸಿ ಮಾಡ್ಬ್ಯಾಡ್ರಿ. ಬೋಲ್ಟ್ ಹಾಕಿರೋ ನೆಕ್ಕು, ನಿಮ್ಮ ಬಾಡಿಗೆ ಕೂಡೋ 38ರ ನಟ್ಟಿಂದು ಬೇರೇದೇ ಸಿಗುತ್ತೆ, ಹಳೇದನ್ನ ಬಟ್ಟೇಲಿ ಸುತ್ತಿ ಬಿಸಿಲು ಬೀಳದ ಕಡೆ ಇಟ್ಕೊಳ್ರಿ, ಮಾರೋವಾಗ ಅದನ್ನೇ ಕೇಳ್ತಾರೆ.