ಕರೆಂಟ್ ಕಡಿಮೆ, ಎಳೆತ ಜಾಸ್ತಿ: ಡ್ರೈವ್ ಹಾಕಿದ ಮೋಟರ್ ಏಳುವ ಬಗೆ

ಕಬ್ಬು ಅರೆಯುವ ಹೊತ್ತಿಗೇ ಕರೆಂಟ್ ಹೋದರೆ ಆಲೆಮನೆಯಲ್ಲಿ ತಲೆನೋವು ಶುರು. ಗಾಣದ ರೋಲರ್‌ಗಳ ನಡುವೆ ಕಬ್ಬು ಕಚ್ಚಿಕೊಂಡು ನಿಂತಿರುತ್ತದೆ. ಕರೆಂಟ್ ಬಂದ ಮೇಲೆ, ಮೋಟರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಒತ್ತಿದರೆ ಮೋಟರ್ ಗುಂಯ್ ಅಂತ ನರಳುತ್ತದೆ, ತಿರುಗುವುದಿಲ್ಲ. ನಿಂತ ಮೋಟರ್ ಮೊದಲ ಸುತ್ತಿಗೆ ಹಾಕುವ ಬಲ, ಅಂದರೆ ಸ್ಟಾರ್ಟಿಂಗ್ ಟಾರ್ಕ್, ಅಲ್ಲಿ ಸಾಲದು.

ಹಾಗಂತ ಕರೆಂಟಿಗೇನೂ ಕೊರತೆಯಿಲ್ಲ. 10 ಎಚ್‌ಪಿಯ, 4 ಪೋಲ್‌ನ (ನಾಲ್ಕು ಕಾಂತ ಧ್ರುವಗಳ) ಮೋಟರ್ ತೆಗೆದುಕೊಳ್ಳಿ. 415 ವೋಲ್ಟ್‌ನಲ್ಲಿ ಪೂರ್ತಿ ಲೋಡ್ ಹೊತ್ತು ಓಡುವಾಗ ಅದಕ್ಕೆ ಬೇಕಾಗುವುದು ಸುಮಾರು 15 ಆಂಪಿಯರ್. ಸ್ಟಾರ್ಟರ್ ಇಲ್ಲದೆ ನೇರವಾಗಿ ಲೈನಿಗೆ ಕೊಟ್ಟರೆ, ಏಳುವಾಗ 90 ಆಂಪಿಯರ್ ಎಳೆಯುತ್ತದೆ. ಆದರೆ ಸಿಗುವ ಟಾರ್ಕ್ ಮಾಮೂಲಿಯ ಒಂದೂವರೆ, ಎರಡು ಪಟ್ಟು ಅಷ್ಟೇ. ಆರು ಪಟ್ಟು ಕರೆಂಟ್ ತಿಂದು ಎರಡು ಪಟ್ಟು ಕೆಲಸ! ಉಳಿದದ್ದು ಎಲ್ಲಿ ಹೋಯಿತು?

50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತನೆಯ ಲೈನ್ ಕರೆಂಟ್, ಕೊಟ್ಟ ಕೂಡಲೇ ಸ್ಟೇಟರ್‌ನೊಳಗಿನ (ಮೋಟರಿನ ತಿರುಗದ ಹೊರಭಾಗದೊಳಗಿನ) ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗತೊಡಗುತ್ತದೆ. ತಿರುಗಬೇಕಾದ ಒಳಭಾಗ, ರೋಟರ್, ಇನ್ನೂ ನಿಂತೇ ಇದೆ. ಐವತ್ತರ ಸ್ಪೀಡಿನಲ್ಲಿ ಹೋಗುತ್ತಿರುವ ಬಸ್ಸನ್ನು ನಿಂತಲ್ಲಿಂದ ಹಿಡಿಯಲು ಹೋದ ಹಾಗೆ. ರೋಟರ್‌ನಲ್ಲಿ ಕರೆಂಟ್ ಬೇಕಾದಷ್ಟು ಹುಟ್ಟುತ್ತದೆ, ಆದರೆ ತಡವಾಗಿ. ಅದು ಏರುವ ಹೊತ್ತಿಗೆ ಕಾಂತದ ಧ್ರುವ ಮುಂದೆ ದಾಟಿರುತ್ತದೆ. ಹಾಗಾಗಿ ಬಹುಪಾಲು ಕರೆಂಟ್ ಸುಮ್ನೆ ಬಿಸಿ ಮಾಡುತ್ತದೆ, ತಳ್ಳುವುದಿಲ್ಲ.

ಅದೇ ಮೋಟರ್ 1440 ಸುತ್ತಿನಲ್ಲಿ ಓಡುವಾಗ ಕಾಂತಕ್ಷೇತ್ರಕ್ಕೂ ರೋಟರ್‌ಗೂ ಇರುವ ಅಂತರ ಬರೀ 60 ಸುತ್ತು. ರೋಟರ್ ಪಾಲಿಗೆ ಅದು 2 ಹರ್ಟ್ಜ್ ಮಾತ್ರ. ಆಗ ಕರೆಂಟ್ ಸರಿಯಾದ ಸಮಯಕ್ಕೆ ಬರುತ್ತದೆ, ಒಂದೊಂದು ಆಂಪಿಯರೂ ದುಡಿಯುತ್ತದೆ.

ಸ್ಟಾರ್-ಡೆಲ್ಟಾ ಈ ಗುಟ್ಟನ್ನು ಮುಟ್ಟುವುದೇ ಇಲ್ಲ. ಅದು ವೈಂಡಿಂಗ್‌ಗೆ ಹೋಗುವ ವೋಲ್ಟೇಜನ್ನು ಶೇ. 58ಕ್ಕೆ ಇಳಿಸುತ್ತದೆ. ಟಾರ್ಕ್ ವೋಲ್ಟೇಜಿನ ವರ್ಗದಂತೆ ಬದಲಾಗುವುದರಿಂದ ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಲೈನಿಗೆ ಉಪಕಾರವಾಯಿತು, ಕಚ್ಚಿಕೊಂಡ ಲೋಡಿಗೆ ಏನೂ ಆಗಲಿಲ್ಲ.

ವಿಎಫ್‌ಡಿ, ಅಂದರೆ ಹರ್ಟ್ಜನ್ನೇ ಬದಲಿಸುವ ಡ್ರೈವ್, ಬಸ್ಸನ್ನೇ ನಿಧಾನ ಮಾಡುತ್ತದೆ. ನಿಂತ ಮೋಟರ್‌ಗೆ ಮೊದಲು 2 ಹರ್ಟ್ಜ್ ಕೊಟ್ಟರೆ, ರೋಟರ್‌ಗೆ ತಾನು ಪೂರ್ತಿ ಲೋಡಿನಲ್ಲಿ ಓಡುತ್ತಿದ್ದಾಗ ಇದ್ದ ಸ್ಥಿತಿಯೇ ಸಿಗುತ್ತದೆ. 15 ಆಂಪಿಯರ್‌ಗೇ ಪೂರ್ತಿ ಟಾರ್ಕ್! ಒಂದೂವರೆ ಪಟ್ಟು ಬೇಕೆಂದರೆ ಇಪ್ಪತ್ತೆರಡು, ಇಪ್ಪತ್ಮೂರು ಆಂಪಿಯರ್ ಸಾಕು. ಕರೆಂಟ್ ಕಡಿಮೆ ಮಾಡಿದರೆ ಎಳೆತವೂ ಕಡಿಮೆಯಾಗುತ್ತದೆ ಎಂದು ನಂಬಿದವರಿಗೆ ಇದು ಮೋಸದ ಲೆಕ್ಕದ ಹಾಗೆ ಕಾಣುತ್ತದೆ, ಅಲ್ವಾ?

ಆದರೆ ಇಲ್ಲೊಂದು ಕೊಕ್ಕೆ ಇದೆ. ಹರ್ಟ್ಜ್ ಇಳಿಸಿದಷ್ಟೂ ವೋಲ್ಟೇಜ್ ಇಳಿಸಬೇಕು. 415ನ್ನು 50ರಿಂದ ಭಾಗಿಸಿದರೆ ಹರ್ಟ್ಜ್ ಒಂದಕ್ಕೆ 8.3 ವೋಲ್ಟ್. 2 ಹರ್ಟ್ಜ್‌ಗೆ 16.6. ವೈಂಡಿಂಗ್ ತಂತಿಯ ಪ್ರತಿರೋಧವೇ ಇದರಲ್ಲಿ ಹತ್ತು ವೋಲ್ಟ್ ನುಂಗಿಬಿಟ್ಟರೆ? 415ರಲ್ಲಿ ಹತ್ತು ಹೋದರೆ ಲೆಕ್ಕಕ್ಕಿಲ್ಲ. ಇಲ್ಲಿ ಕಾಂತಕ್ಷೇತ್ರವೇ ಸೊರಗುತ್ತದೆ. ಅದಕ್ಕೇ ಡ್ರೈವ್‌ನಲ್ಲಿ 'ಟಾರ್ಕ್ ಬೂಸ್ಟ್' ಎಂಬ ಸೆಟ್ಟಿಂಗ್ ಇರುವುದು. ಕೆಳಗಿನ ಹರ್ಟ್ಜ್‌ನಲ್ಲಿ ಅದು ವೋಲ್ಟೇಜನ್ನು ಒಂಚೂರು ಏರಿಸುತ್ತದೆ. ಮೋಟರ್ ಏಳದಿದ್ದರೆ ಇದನ್ನು ಸಿಕ್ಕಾಪಟ್ಟೆ ಏರಿಸುವವರಿದ್ದಾರೆ. ಆಗ ಕಬ್ಬಿಣದ ಕೋರ್ ಕಾಂತದಿಂದ ತುಂಬಿಹೋಗುತ್ತದೆ, ಕರೆಂಟ್ ನೆಗೆಯುತ್ತದೆ, ಡ್ರೈವ್ ಟ್ರಿಪ್ ಆಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ವೆಕ್ಟರ್ ಕಂಟ್ರೋಲ್. ಸೀಮೆನ್ಸ್‌ನ ಫೆಲಿಕ್ಸ್ ಬ್ಲಾಷ್ಕೆ 1970ರ ದಶಕದ ಆರಂಭದಲ್ಲಿ ಇದಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖರು. ಕರೆಂಟಿನಲ್ಲಿ ಕಾಂತ ಹುಟ್ಟಿಸುವ ಪಾಲೆಷ್ಟು, ಟಾರ್ಕ್ ಕೊಡುವ ಪಾಲೆಷ್ಟು ಎಂದು ಬೇರೆಬೇರೆ ಲೆಕ್ಕ ಹಾಕಿ ಹಿಡಿತದಲ್ಲಿಡುವುದು ಇದರ ತಂತ್ರ. ಮೈಕ್ರೊಪ್ರೊಸೆಸರ್ ಅಗ್ಗವಾದ ಮೇಲೆ ಇದು ಸಾಮಾನ್ಯ ಡ್ರೈವ್‌ಗಳಿಗೂ ಬಂತು. ಮೋಟರಿನ ಪ್ರತಿರೋಧ ಗೊತ್ತಿಲ್ಲದೆ ಲೆಕ್ಕ ಸರಿಯಾಗದು. ಹಾಗಾಗಿ ಡ್ರೈವ್ ಕೂರಿಸಿದಾಗ ಆಟೋಟ್ಯೂನ್ ಮಾಡಬೇಕು, ಅಂದರೆ ಮೋಟರನ್ನು ಡ್ರೈವ್ ತಾನೇ ಅಳೆದುಕೊಳ್ಳಲು ಬಿಡಬೇಕು. ಇದನ್ನು ಬಿಟ್ಟು ಡ್ರೈವನ್ನು ಬೈಯುವುದು ಅನ್ಯಾಯ.

ಎಲ್ಲ ಲೋಡಿಗೂ ಇಷ್ಟೆಲ್ಲ ಬೇಕಿಲ್ಲ. ಬೋರ್‌ವೆಲ್ ಪಂಪಿಗೆ ಬೇಕಾಗುವ ಟಾರ್ಕ್ ಸ್ಪೀಡಿನ ವರ್ಗದಂತೆ ಏರುತ್ತದೆ, ಏಳುವಾಗ ತೀರಾ ಕಡಿಮೆ. ಹಾಗೆಂದು ಅದನ್ನು ಆರಾಮಾಗಿ ಏರಿಸುವಂತೆಯೂ ಇಲ್ಲ. ಸಬ್‌ಮರ್ಸಿಬಲ್ ಮೋಟರಿನಲ್ಲಿ ಮೇಲಿಂದ ಬೀಳುವ ಒತ್ತಡ ಹೊರುವ ಥ್ರಸ್ಟ್ ಬೇರಿಂಗ್ ನೀರಿನ ತೆಳು ಪದರದ ಮೇಲೆ ನಿಲ್ಲುತ್ತದೆ, ಆ ಪದರ ಕಟ್ಟಿಕೊಳ್ಳಲು ವೇಗ ಬೇಕು. ಸುಮಾರು ಒಂದು ಸೆಕೆಂಡಿನೊಳಗೆ 30 ಹರ್ಟ್ಜ್ ದಾಟಿಸಿ, ಆಮೇಲೆ ಬೇಕಾದರೆ ನಿಧಾನ ಮಾಡಬಹುದು.